ಕಸ್ತೂರಿಯ ಎಡಗಿವಿ

ನಿನ್ನನ್ನು ನೋಡಿ ಯಾರಾದರೂ ಹಾಡಿದ್ದುಂಟೇ ಎಂದು ಕೇಳಿದ್ದರೆ, ಉಂಟು, ದಿನಾ ಬೆಳಿಗ್ಗೆ ಒಂದು ಗೊರವಂಕ ಹಾಡುತ್ತದೆ ಎಂದು ಹೋದ ವರ್ಷದವರೆಗೂ ನಾನು ಧೈರ್ಯವಾಗಿ ಹೇಳುತ್ತಿದ್ದೆ. ನಾನು ಚರಿಗೆ ಹಿಡಿದು ಕೊಟ್ಟಿಗೆಗೆ ಹೋಗುವ ಹೊತ್ತಿಗೆ ಸರಿಯಾಗಿ ಆ ಹಕ್ಕಿ ನುಗ್ಗೆಮರದಿಂದ ಇಳಿದು ನಮ್ಮ ಎಮ್ಮೆ ಕಸ್ತೂರಿಯ ಕೋಡಿನ ಮೇಲೆ ಕೂರುತ್ತಿತ್ತು. ನಾನು ಕೆಚ್ಚಲು ತೊಳೆದು ಕುಕ್ಕುರುಗಾಲಲ್ಲಿ ಕೂತರೆ ಅದು ಕತ್ತು ಕೊಂಕಿಸಿ, ತಲೆಯ ಪುಕ್ಕ ಉಬ್ಬಿಸಿ, ಎಣ್ಣೆ ಕಾಣದ ಬಾಗಿಲಿನ ಹಾಗೆ ಒಮ್ಮೆ ಕಿರ್ರೆನ್ನುತ್ತಿತ್ತು, ಆಮೇಲೆ ಚುಕ್ ಚುಕ್ ಎನ್ನುತ್ತಿತ್ತು. ಇದೂ ಒಂದು ಹಾಡೇ ಎಂದು ನೀವು ಕೇಳಬಹುದು. ಐವತ್ತು ದಾಟಿದವಳಿಗೆ, ಅದೂ ಬೆಳಗಿನ ಚಹಾಕ್ಕೆ ಮೊದಲು, ಇಷ್ಟು ಸಿಕ್ಕರೆ ಅದು ಹಾಡೇ.

ಹಾಡು ಮುಗಿದ ಮೇಲೆ ಅದು ಕಸ್ತೂರಿಯ ಕಿವಿಯೊಳಗೆ ಕೊಕ್ಕು ಹಾಕಿ ಉಣ್ಣಿ ಹೆಕ್ಕುತ್ತಿತ್ತು. ದನದ ಮೈಗೆ ಕಚ್ಚಿಕೊಂಡು ರಕ್ತ ಕುಡಿದು ಹುರುಳಿಕಾಳಿನ ಹಾಗೆ ಊದುವ ಆ ಹುಳಗಳಿಗೆ ಕಿವಿಯ ಮಡಿಕೆಯೆಂದರೆ ಮಾವನ ಮನೆ. ಹಕ್ಕಿ ಹೆಕ್ಕುವುದನ್ನೂ ನಾನು ದಿನಾ ನೋಡುತ್ತಿದ್ದೆ. ಆದರೆ ಮದುವೆಗೆ ಬಂದವರು ಊಟ ಮಾಡದೆ ಹೋಗುತ್ತಾರೆಯೇ? ನನ್ನನ್ನು ನೋಡಲು ಬಂದ ಹಕ್ಕಿ ಹಾಗೆಯೇ ನಾಲ್ಕು ಉಣ್ಣಿ ತಿಂದು ಹೋಗುತ್ತದೆ ಎಂದೇ ತಿಳಿದಿದ್ದೆ. ಕಣ್ಣಿಗೆ ಕಂಡದ್ದೆಲ್ಲ ತಲೆಗೆ ಇಳಿಯುತ್ತದೆ ಎಂಬ ಭರವಸೆ ಇಲ್ಲ. ನಮ್ಮ ಮನೆಯ ಯಾವ ಹಂಚಿನಿಂದ ಮೊದಲ ಹನಿ ಸೋರುತ್ತದೆ, ಮುಂಡಗೋಡದ ಬಸ್ಸಿನ ಯಾವ ಕಿಟಕಿ ಮುಚ್ಚುವುದಿಲ್ಲ ಎಂಬುದನ್ನೆಲ್ಲ ಬಲ್ಲ ನನಗೆ, ಕಣ್ಣೆದುರಿಗೇ ನಡೆಯುತ್ತಿದ್ದ ಈ ವ್ಯವಹಾರ ಅರ್ಥವಾಗಲು ಮನೆಯವರು ನಿವೃತ್ತರಾಗಿ ಬರಬೇಕಾಯಿತು.

ನಮ್ಮವರು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಅಲ್ಲಿಯೇ ಒಂದು ಖೋಲಿ ಮಾಡಿಕೊಂಡು, ವಾರದ ರಜೆಗೆ ನಮ್ಮೂರು ಸನವಳ್ಳಿಗೆ ಬಂದು ಹೋಗುತ್ತಿದ್ದರು. ಅವರ ಕೆಲಸವೇನೆಂದರೆ ತಯಾರಾದ ಕಾಗದದ ಹಾಳೆಯನ್ನು ಬೆಳಕಿಗೆ ಹಿಡಿದು ಅದರಲ್ಲಿ ಕಪ್ಪು ಚುಕ್ಕಿ ಇದೆಯೇ ಎಂದು ನೋಡುವುದು. ಚುಕ್ಕಿ ಕಂಡರೆ ಹಾಳೆ ಹೊರಗೆ. ಬಹಳ ವರ್ಷ ಈ ಕೆಲಸ ಮಾಡಿದವರ ಕಣ್ಣು ಹೇಗಾಗುತ್ತದೆ ಎಂಬುದು ಅವರು ವಾರಕ್ಕೊಂದು ದಿನ ಬರುವಾಗ ನನಗೆ ತಿಳಿದಿರಲಿಲ್ಲ. ಒಂದು ದಿನದ ಗಂಡ ಬಹಳ ಒಳ್ಳೆಯವನು. ಮಾಡಿದ್ದನ್ನು ಉಣ್ಣುತ್ತಾನೆ, ತೇಗುತ್ತಾನೆ, ಬಸ್ಸು ಹತ್ತುತ್ತಾನೆ.

ಏಳು ದಿನದ ಗಂಡ ಬೇರೆ. ಮಿಲ್ಲು ಬಿಟ್ಟು ಮನೆಗೆ ಬಂದ ಮೊದಲ ವಾರ ಅವರು ನನ್ನ ಅಡಿಗೆಮನೆಯನ್ನು ಬೆಳಕಿಗೆ ಹಿಡಿದರು. ತೊಗರಿಬೇಳೆಯ ಡಬ್ಬಿ ಕಡಲೆಬೇಳೆಯ ಜಾಗಕ್ಕೂ, ಕಡಲೆಬೇಳೆಯದು ಸಕ್ಕರೆಯ ಜಾಗಕ್ಕೂ ಹೋಯಿತು. ಸಕ್ಕರೆ ಎಲ್ಲಿಗೆ ಹೋಯಿತೆಂದು ಇರುವೆಗಳಿಗೆ ಮಾತ್ರ ಗೊತ್ತಿತ್ತು. ಮಸಾಲೆ ಡಬ್ಬಿಯಲ್ಲಿದ್ದ ಕಲ್ಲುಹೂವನ್ನು "ಇದೇನ ಗಿಡದ ತೊಗಟಿ ಕಸ ತುಂಬಿ ಇಟ್ಟೀದಿ?" ಎಂದು ಮೊರದಲ್ಲಿ ಕೇರಿ ತಿಪ್ಪೆಗೆ ಚೆಲ್ಲಿದರು.

ಮಸಾಲೆ ಹೋದ ಸಿಟ್ಟಿನಲ್ಲಿ ನಾನು ಅವರಿಗೊಂದು ಪಾಠ ಮಾಡಿದೆ. ಕಲ್ಲುಹೂವು ಕಸವೂ ಅಲ್ಲ, ಹೂವೂ ಅಲ್ಲ. ಅದು ಇಬ್ಬರ ಸಂಸಾರ. ಒಬ್ಬಾತ ಅಣಬೆಯ ಕುಲದವನು, ಇನ್ನೊಬ್ಬಾಕೆ ಪಾಚಿಯ ಕುಲದವಳು. ಆತ ಬಂಡೆಯನ್ನೋ ಮರವನ್ನೋ ಗಟ್ಟಿಯಾಗಿ ಹಿಡಿದು, ನೀರಿನ ಪಸೆ ಹಿಡಿದಿಟ್ಟು, ಸುತ್ತ ಗೋಡೆ ಕಟ್ಟುತ್ತಾನೆ. ಆಕೆ ಒಳಗೆ ಕೂತು ಬಿಸಿಲಿನಿಂದ ಅಡಿಗೆ ಮಾಡಿ ಇಬ್ಬರಿಗೂ ಬಡಿಸುತ್ತಾಳೆ. ಒಬ್ಬೊಬ್ಬರೇ ಇದ್ದರೆ ಆ ಬೋಳು ಬಂಡೆಯ ಮೇಲೆ ಇಬ್ಬರೂ ಬಾಳಲಾರರು. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಸಹಜೀವನ ಎಂದಿತ್ತು. ಒಬ್ಬರು ಬರೀ ತಿಂದು ಇನ್ನೊಬ್ಬರು ಬರೀ ಸೊರಗಿದರೆ ಅದು ಪರಾವಲಂಬನೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಮಸಾಲೆ ಡಬ್ಬಿಯಿಂದ ಹೊರಬಂದೀತೆಂದು ಯಾರು ಎಣಿಸಿದ್ದರು!

ಅವರು ಪೂರಾ ಕೇಳಿ, "ಹಂಗಾದ್ರ ಅದರಾಗ ಗಂಡ ಮನಿ ಕಾಯಾಂವ ಅನ್ನು. ನಾನೂ ಅದನ್ನ ಮಾಡಾಕ್ಹತ್ತೇನಿ" ಎಂದರು.

"ಅಂವ ಡಬ್ಬಿ ಮುಟ್ಟೂದಿಲ್ರಿ" ಎಂದೆ.

ಈ ಮಾತು ಬೇರೆಯದೇ ಫಲ ಕೊಟ್ಟಿತು. ಡಬ್ಬಿ ಮುಟ್ಟಬೇಡವೆಂದದ್ದಕ್ಕೆ ಅವರು ಕೊಟ್ಟಿಗೆಗೆ ಹೋದರು. ಅಲ್ಲಿ ಕಸ್ತೂರಿ ನಿಂತಿದ್ದಳು, ಮೈತುಂಬ ಕಪ್ಪು. ಬಿಳಿ ಹಾಳೆಯಲ್ಲಿ ಕಪ್ಪು ಚುಕ್ಕಿ ಹುಡುಕಿದವರು ಬೇಕಾದಷ್ಟು ಜನ ಇದ್ದಾರು; ಕಪ್ಪು ಎಮ್ಮೆಯಲ್ಲಿ ಚುಕ್ಕಿ ಹುಡುಕಿದವರು ನಮ್ಮವರೊಬ್ಬರೇ ಇರಬೇಕು. ಹುಡುಕಿದ್ದೇನು, ಸಿಕ್ಕವೂ ಹೌದು. ಬ್ಯಾಟರಿಯ ಬೆಳಕು ಬಿಟ್ಟು ನೋಡಿದರೆ ಕಿವಿಯಲ್ಲಿ, ತೊಡೆಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣಿಗಳು. "ಏನ ಗಲೀಜ ಇದು!" ಎಂದು ಮುಂಡಗೋಡಕ್ಕೆ ಹೋಗಿ, ದನದ ಡಾಕ್ಟರರನ್ನು ಕೇಳಿ ಔಷಧ ತಂದು, ಹೇಳಿದ ಅಳತೆಗೆ ನೀರು ಬೆರೆಸಿ ಹಚ್ಚಿದರು. ಉಣ್ಣಿ ಉದುರಿದವು. ಅಷ್ಟಕ್ಕೆ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನೊಣ ಬರಬಾರದೆಂದು ಕೊಟ್ಟಿಗೆಯ ಸುತ್ತ ಹಸಿರು ಬಲೆ ಬಿಗಿದರು. ಹಕ್ಕಿ ಹಿಕ್ಕೆ ಹಾಕಬಾರದೆಂದು ಮಾಡಿನ ಸಂದಿಗೂ ಬಲೆ ತುರುಕಿದರು. ಕಸ್ತೂರಿಯ ಕೋಡಿಗೆ ಎಣ್ಣೆ ಸವರಿದರು. ಸಂಜೆಯ ಹೊತ್ತಿಗೆ ಕೊಟ್ಟಿಗೆ ಮದುವೆ ಚಪ್ಪರದ ಹಾಗೆ ಕಂಡಿತು, ಕಸ್ತೂರಿ ಅದರೊಳಗೆ ಒಲ್ಲದ ಮನಸ್ಸಿನಿಂದ ಹಸೆಗೆ ಕೂತ ಮದುಮಗಳ ಹಾಗೆ ಕಂಡಳು.

ಮರುದಿನ ಬೆಳಿಗ್ಗೆ ಗೊರವಂಕ ಬಂತು. ಬಲೆಯ ಹೊರಗೆ ಈ ತುದಿಯಿಂದ ಆ ತುದಿಗೆ ನಡೆಯಿತು. ಕಿರ್ರೆಂದಿತು. ಬೀಗ ಹಾಕಿದ ಮನೆಯ ಮುಂದೆ ನೆಂಟರು ನಿಂತ ಹಾಗೆ ಸ್ವಲ್ಪ ಹೊತ್ತು ನಿಂತು, ನುಗ್ಗೆಮರಕ್ಕೆ ಹಾರಿ, ಅಲ್ಲಿಂದ ನನಗೆ ಕೇಳುವ ಹಾಗೆ ಏನೇನೋ ಅಂದಿತು. ಹಾಡು ಅದಾಗಿರಲಿಲ್ಲ.

ಒಳಗೆ ಕಸ್ತೂರಿಯೂ ಅನ್ನಬೇಕಾದದ್ದನ್ನು ಕಾಲಿನಿಂದ ಅಂದಳು. ನಾನು ಕೂತು ಮೊಲೆಗೆ ಕೈ ಹಚ್ಚುವುದೊಂದು, ಚರಿಗೆ ಗೋಡೆಗೆ ಬಡಿಯುವುದೊಂದು. ಕರುವನ್ನು ಬಿಟ್ಟರೆ ಅದಕ್ಕೆ ನಾಲ್ಕು ಗುಟುಕು ಕೊಟ್ಟು, ನಾನು ಹತ್ತಿರ ಬಂದೊಡನೆ ಉಳಿದ ಹಾಲನ್ನು ಏರಿಸಿಕೊಂಡುಬಿಡುವಳು. ಸ್ವಭಾವದಲ್ಲಿ ದೊಡ್ಡ ಮನುಷ್ಯಳಾಗಿದ್ದ ಎಮ್ಮೆ ಅದು. ಅವಳ ತಾಯಿಯೂ ನಮ್ಮ ಕೊಟ್ಟಿಗೆಯಲ್ಲೇ ಇದ್ದಳು. ಚಳಿಗಾಲದ ಬೆಳಿಗ್ಗೆ ಕಸ್ತೂರಿಯ ಪಕ್ಕೆಗೆ ಹಣೆ ಒತ್ತಿ ಹಾಲು ಕರೆಯುವಾಗ, ನನ್ನ ಅರ್ಧ ನಿದ್ದೆ ಅಲ್ಲೇ ಮುಗಿಯುತ್ತಿತ್ತು. ಈಗ ಹಣೆ ಒತ್ತುವುದಿರಲಿ, ಮುಖ ತೋರಿಸುವಂತಿಲ್ಲ.

ಮಾಡಬೇಕಾದ್ದೆಲ್ಲ ಮಾಡಿದೆವು. ಡಾಕ್ಟರು ಬಂದು ಕೆಚ್ಚಲು ಒತ್ತಿ ನೋಡಿ, ರೋಗವೇನೂ ಇಲ್ಲ, ಹೊಸ ಬಲೆಗೋ ಔಷಧದ ವಾಸನೆಗೋ ಬೆದರಿರಬಹುದು, ಒಗ್ಗಿಕೊಳ್ಳುತ್ತದೆ ಎಂದರು. ಕಣ್ಣು ಬಿದ್ದಿದೆಯೆಂದು ನಾನು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ನಾವಿಬ್ಬರೂ ಕೆಮ್ಮಿದೆವು, ಕಸ್ತೂರಿ ಕೆಮ್ಮಲೂ ಇಲ್ಲ. ನಮ್ಮವರು ಮೊಬೈಲಿನಲ್ಲಿ ಹಳೆಯ ಹಾಡು ಹಚ್ಚಿ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದರು. ಅವಳು ಅದನ್ನು ನೆಕ್ಕಿದಳು. ಆಮೇಲೆ ಆ ಮೊಬೈಲೂ ಹಾಲಿನ ಹಾಗೆಯೇ ನಿಂತುಹೋಯಿತು.

ಪಕ್ಕದ ಹೊಲದ ಕತ್ರೀನಾ ಆ ಹೊತ್ತಿಗೆ ಬಂದಳು. ಸಿದ್ದಿ ಜನಾಂಗದವಳು ಅವಳು. ಅವಳಿಗೂ ನನಗೂ ಬಹಳ ದಿನದ ರೂಢಿಯೊಂದಿದೆ: ಅವಳ ಹಿತ್ತಿಲದ ಕಾಯಿಪಲ್ಯ ನನಗೆ, ನನ್ನ ಮಜ್ಜಿಗೆ ಅವಳಿಗೆ. ಮುಂಗಾರಿನ ಮಿರಗದ ಮಳೆ ಬಿದ್ದಿದ್ದರಿಂದ ಅವತ್ತು ಮುತ್ತಲ ಎಲೆಯಲ್ಲಿ ಹುತ್ತದ ಅಣಬೆ ಕಟ್ಟಿಕೊಂಡು ಬಂದಿದ್ದಳು. ಮಜ್ಜಿಗೆ ಇಲ್ಲವೆಂದು ಕೇಳಿ ಕೊಟ್ಟಿಗೆಗೆ ಇಣುಕಿದಳು.

"ಅಯ್ಯ ಅಕ್ಕಾ, ಎಮ್ಮಿ ಕಟ್ಟೀರೋ, ಮೀನ ಹಿಡಿದೀರೋ? ಇಷ್ಟ ಬಲಿ!"

"ನೊಣ ಬರಬಾರದಂತವ್ವ. ಸಾಹೇಬ್ರ ಹುಕುಂ."

"ಸಾಹೇಬ್ರ ಇನ್ನೂ ಮಿಲ್ಲಿನ್ಯಾಗ ಅದಾರ ಬಿಡು. ಎಮ್ಮೀನ ಹಾಳಿ ಮಾಡಿ ಅದರ ಮ್ಯಾಲ ಬರಿಯಾಕ ನಿಂತಾರೇನ?" ಎಂದು ನಕ್ಕಳು. ಒಳಗಿನಿಂದ ನಮ್ಮವರು ಕೆಮ್ಮಿದರು; ಅವಳು ಇನ್ನೂ ಜೋರಾಗಿ ನಕ್ಕಳು. "ಸಾಹೇಬ್ರ, ಮಜ್ಜಗಿ ಇಲ್ದ ನನ್ನ ಕಡಿಂದ ಅಣಬಿ ಬರೂದಿಲ್ಲ ನೋಡ್ರಿ ಮತ್ತ!"

ಆ ಅಣಬೆಯ ಸಾರು ಮಾಡುತ್ತ ನಾನು ಗೆದ್ದಲಿನ ವಿಚಾರ ಮಾಡಿದೆ. ನಮ್ಮ ಕಡೆಯ ಗೆದ್ದಲು ಮರ ತಿನ್ನುತ್ತದೆ ಎಂದು ಬೈಯುತ್ತೇವೆ. ಮರವನ್ನು ಕಚ್ಚಿ ತರುತ್ತದೆ, ಪೂರಾ ಅರಗಿಸುವುದು ಅದರಿಂದಾಗದು. ಹುತ್ತದೊಳಗೆ ಅದನ್ನು ಗೊಬ್ಬರದ ಹಾಗೆ ಒಟ್ಟಿ ಅಣಬೆ ಬೆಳೆಸುತ್ತದೆ. ಅಣಬೆ ಮರವನ್ನು ಮೆತ್ತಗೆ ಮಾಡಿ ಕೊಡುತ್ತದೆ, ಗೆದ್ದಲು ಅದನ್ನು ಉಣ್ಣುತ್ತದೆ. ಅಣಬೆಗೆ ಮಳೆಯಿಲ್ಲ, ಬಿಸಿಲಿಲ್ಲ, ಆಳುಗಳು ಹಗಲಿರುಳು ದುಡಿಯುವ ಅರಮನೆ. ಯಾರು ಯಾರನ್ನು ಸಾಕಿದ್ದಾರೆ? ಗೆದ್ದಲನ್ನು ಕೇಳಿದರೆ ತಾನು ರೈತ ಎಂದೀತು. ಅಣಬೆಯನ್ನು ಕೇಳಿದರೆ ತಾನು ಗೌಡ, ಇವರೆಲ್ಲ ಆಳು ಎಂದೀತು. ಕತ್ರೀನಾಳನ್ನು ಕೇಳಿದರೆ ಮಜ್ಜಿಗೆ ಎಲ್ಲಿ ಎಂದಾಳು. ಹೀಗೆ ಗೆದ್ದಲಿನ ಸಂಸಾರ ಬಿಡಿಸುತ್ತಿದ್ದ ನನಗೆ, ಹಿತ್ತಿಲಲ್ಲಿ ಒಂದು ಹಕ್ಕಿ ಬಲೆಗೆ ಕೊಕ್ಕು ಕುಟ್ಟುತ್ತಿದ್ದದ್ದು ಕೇಳಿಸುತ್ತಿತ್ತು. ಪಾಪ, ನನ್ನನ್ನು ಬಿಟ್ಟಿರಲಾರದು ಎಂದುಕೊಂಡು ಸಾರಿಗೆ ಒಗ್ಗರಣೆ ಕೊಟ್ಟೆ.

ಊಟಕ್ಕೆ ಕೂತಾಗ ನಮ್ಮವರು ಹೇಳಿದರು: "ಮುಂಡಗೋಡದ ಗೌಸುಸಾಬಗ ಹೇಳೇನಿ. ನಾಳೆ ಬಂದು ನೋಡತಾನ. ಒದೆಯೋ ಎಮ್ಮಿ ಇಟ್ಕೊಂಡು ಏನ ಮಾಡೋದು? ನಿನ್ನ ಮಂಡಿ ಒಡದ್ರ ಮುಂದ?"

ಗೌಸುಸಾಬ ಎಮ್ಮೆ ವ್ಯಾಪಾರಿ. ನನ್ನ ಎಡಮಂಡಿ ಆಗಲೇ ನೀಲಿಗಟ್ಟಿತ್ತು; ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಕಸ್ತೂರಿ ಹೋದರೆ ಕೊಟ್ಟಿಗೆ ಖಾಲಿ. ಕೊಟ್ಟಿಗೆ ಖಾಲಿಯಾದರೆ ನಾನು ಬೆಳಿಗ್ಗೆ ಎದ್ದು ಯಾರ ಹತ್ತಿರ ಹೋಗಲಿ? ಇನ್ನೊಂದು ಭಯವನ್ನೂ ಹೇಳಿಬಿಡುತ್ತೇನೆ: ಕೊಟ್ಟಿಗೆ ಖಾಲಿಯಾದರೆ ನಮ್ಮವರು ಮತ್ತೆ ಅಡಿಗೆಮನೆಗೆ ಬರುತ್ತಾರೆ.

ಗೌಸುಸಾಬ ಬೆಳಿಗ್ಗೆಯೇ ಬಂದ. ಎಮ್ಮೆ ಕೊಳ್ಳುವವರು ಎದುರಿಗೇ ಹಾಲು ಕರೆಸಿ ನೋಡುವುದು ನಮ್ಮ ಕಡೆಯ ರೂಢಿ. ಹಲ್ಲು ನೋಡಿದ, ಬೆನ್ನು ತಟ್ಟಿದ, ಕೊಟ್ಟಿಗೆಯ ಬಾಗಿಲಲ್ಲಿ ಕುಕ್ಕುರು ಕೂತು "ಹೂಂ, ಕರೀರಿ ಅಕ್ಕಾರ" ಎಂದ. ನಾನು ಮಂಡಿಗೆ ಹಳೇ ಸೀರೆ ಸುತ್ತಿಕೊಂಡು, ಯುದ್ಧಕ್ಕೆ ಹೋದ ಹಾಗೆ ಹೋಗಿ ಕೂತೆ. ಒಳಗೊಳಗೆ ಒಂದು ಆಸೆಯೂ ಇತ್ತು, ಚೆನ್ನಾಗಿ ಒದೆಯಲಿ, ಗೌಸುಸಾಬ ಓಡಿಹೋಗಲಿ ಎಂದು. ಕಸ್ತೂರಿ ಕಾಲು ಎತ್ತಿದಳು.

ಅಷ್ಟರಲ್ಲಿ ನಮ್ಮವರು ಕಸ್ತೂರಿಯ ಮುಖದ ಹತ್ತಿರ ನಿಂತು "ತಡಿ ತಡಿ" ಎಂದರು. ಅವಳ ಎಡಗಿವಿಯ ಮಡಿಕೆಯಲ್ಲಿ ಔಷಧ ಒಣಗಿ ಬೆಳ್ಳಗೆ ಕೂತಿತ್ತು. ಚುಕ್ಕಿ! ಚುಕ್ಕಿಯಿದ್ದ ಮಾಲನ್ನು ಅವರು ಗಿರಾಕಿಗೆ ಕಳಿಸಿದವರೇ ಅಲ್ಲ, ಎಮ್ಮೆಯಾದರೇನು? ಹೆಗಲ ಮೇಲಿನ ಟವೆಲಿನ ತುದಿಯನ್ನು ಬೆರಳಿಗೆ ಸುತ್ತಿ ಕಿವಿಯೊಳಗೆ ಹಾಕಿ, ಮೆಲ್ಲಗೆ, ಚುಕ್ ಚುಕ್ ಎಂದು ಕೆರೆದು ತೆಗೆಯತೊಡಗಿದರು.

ಕಸ್ತೂರಿ ಎತ್ತಿದ ಕಾಲನ್ನು ಗಾಳಿಯಲ್ಲಿಯೇ ಹಿಡಿದಳು. ಸ್ವಲ್ಪ ಯೋಚಿಸಿದಳು. ಆಮೇಲೆ ಕೆಳಗಿಟ್ಟಳು. ಕಿವಿ ಜೋಲು ಬಿತ್ತು, ಕಣ್ಣು ಅರೆಮುಚ್ಚಿತು, ಕೆಳತುಟಿ ಸಡಿಲಾಯಿತು. ತಲೆಯನ್ನು ಪೂರಾ ನಮ್ಮವರ ಎದೆಗೆ ಒರಗಿಸಿಬಿಟ್ಟಳು. ನನ್ನ ಕೈಯಲ್ಲಿ ಮೊಲೆ ತುಂಬಿ ಬಂತು. ಚರಿಗೆಯ ತಳಕ್ಕೆ ಹಾಲು ಸೊರ್ರೆಂದು ಬಿದ್ದ ಆ ಸದ್ದು ಕೇಳಿ ನನಗೆ ಅಳುವೇ ಬಂದಿತ್ತು.

ಗೌಸುಸಾಬ ಎದ್ದು ನಿಂತ. "ಸಾಹೇಬ್ರ, ನೀವು ಎಮ್ಮಿ ಮಾರಾಕ ಕರ್ದೀರೋ, ನನ್ನ ಹೊಟ್ಟಿ ಉರಸಾಕ ಕರ್ದೀರೋ? ಇದು ಹಾಲ ಕೊಡದ ಎಮ್ಮೀನ್ರಿ?"

"ಅಲ್ಲೋ ಮಾರಾಯಾ, ನಿನ್ನೀ ತನಕ..." ಎಂದು ಉತ್ತರ ಹೇಳಲು ನಮ್ಮವರು ಕಿವಿಯಿಂದ ಬೆರಳು ತೆಗೆದರು. ಹಾಲು ನಿಂತಿತು. ಕಸ್ತೂರಿ ಕಣ್ಣು ತೆರೆದು ಕಾಲು ಕುಟ್ಟಿದಳು. ಅವರು ಗಾಬರಿಯಾಗಿ ಬೆರಳು ಮತ್ತೆ ಹಾಕಿದರು. ಹಾಲು ಬಂತು. ನಂಬಿಕೆ ಬಾರದೆ ತೆಗೆದರು. ನಿಂತಿತು. ಹಾಕಿದರು. ಬಂತು. ನಮ್ಮೂರ ನಳಕ್ಕೂ ಇಷ್ಟು ಒಳ್ಳೆಯ ಚಾವಿ ಇಲ್ಲ.

ಆಗ, ಕೆಚ್ಚಲ ಬುಡದಲ್ಲಿ ಕೂತು ಮೇಲೆ ನೋಡಿದ ನನಗೆ, ನಮ್ಮವರ ಬೆರಳು ಕಾಣಲಿಲ್ಲ. ಕೊಕ್ಕು ಕಂಡಿತು. ಅದೇ ಕಿವಿ, ಅದೇ ಮಡಿಕೆ, ಅದೇ ಚುಕ್ ಚುಕ್. ಹಾಗಾದರೆ ಇಷ್ಟು ವರ್ಷ ಹಾಲು ಇಳಿಸಿದ್ದು ನನ್ನ ಕೈಯ ಗುಣವಲ್ಲ! ಕೆಳಗೆ ನಾನು, ಮೇಲೆ ಅದು, ಇಬ್ಬರೂ ಒಂದೇ ಎಮ್ಮೆಯ ಚಾಕರಿಗಿದ್ದೆವು. ನನ್ನನ್ನು ನೋಡಿ ಹಾಡಿತ್ತೆಂದುಕೊಂಡೆನಲ್ಲ, ಅದು 'ನಾ ಬಂದೆ, ನೀನೂ ಶುರು ಮಾಡು' ಎಂದು ಕೆಲಸಕ್ಕೆ ಕರೆದದ್ದಿರಬೇಕು. "ರೀ, ಗೊರವಂಕರೀ! ನೀವು ಗೊರವಂಕನ್ನ ಹೊರಗ ಹಾಕೀರಿ!" ಎಂದು ಕೂಗಿದೆ. ಗೌಸುಸಾಬ ನನಗೂ ಏನೋ ಆಯಿತೆಂದು ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

ವಿಷಯವೆಲ್ಲ ತಿಳಿದ ಮೇಲೆ ಅವನು ಹೊಟ್ಟೆ ಹಿಡಿದು ನಕ್ಕ. "ಈ ಎಮ್ಮಿ ಒಯ್ಯಬೇಕಂದ್ರ ಸಾಹೇಬ್ರನ್ನೂ ಜೋಡಿ ಒಯ್ಯಬೇಕಾಗತೈತಿ. ಏನಂತೀರಿ ಅಕ್ಕಾರ, ಕಳಿಸ್ತೀರೇನ್ರಿ?"

ಡಬ್ಬಿಗಳನ್ನು ನೆನೆದು ನಾನು ಒಂದು ಕ್ಷಣ ತಡೆದೆನೆಂಬುದು ನಿಜ. ಆ ಕ್ಷಣವನ್ನು ನಮ್ಮವರು ಇವತ್ತಿಗೂ ಮರೆತಿಲ್ಲ. "ಎಮ್ಮಿ ಮಾರೂದಿಲ್ಲ ಬಿಡೋ" ಎಂದು ಅವರೇ ಹೇಳಿದರು, ಬೆರಳು ಕಿವಿಯಲ್ಲಿ ಇಟ್ಟುಕೊಂಡೇ. ಗೌಸುಸಾಬ ಆ ಹಾಲಿನದೇ ಚಹಾ ಕುಡಿದು ಹೋದ.

ಬಲೆ ಬಿಚ್ಚಿದೆವು. ಆದರೆ ಗೊರವಂಕ ಒಡನೆ ಬರಲಿಲ್ಲ. ಒಮ್ಮೆ ಬಾಗಿಲು ಹಾಕಿದ ಮನೆಗೆ ಹಕ್ಕಿಯಾದರೂ ಯಾಕೆ ಬಂದೀತು? ಅಷ್ಟು ದಿನ ಆ ಜಾಗದಲ್ಲಿ ನಮ್ಮವರೇ ದುಡಿದರು. ಬೆಳಿಗ್ಗೆ ನಾನು ಚರಿಗೆ ತೆಗೆದೊಡನೆ ಟವೆಲು ತೆಗೆಯುತ್ತಿದ್ದರು. ಮೊದಲು ಬೆರಳು, ಆಮೇಲೆ ತೆಂಗಿನ ನಾರಿನ ಸಣ್ಣ ಕುಂಚ, ಅದಕ್ಕೊಂದು ಬಿದಿರಿನ ಹಿಡಿಕೆ. ಹಾಳೆಯ ಮೇಲೆ ಬರೀ ತಪ್ಪು ಹುಡುಕಿದ ಕಣ್ಣಿಗೆ, ಮುಟ್ಟಿದರೆ ಕಣ್ಣು ಮುಚ್ಚಿ ಒರಗುವ ಜೀವವೊಂದು ಸಿಕ್ಕಿತ್ತು. ಹೊರಗೆ ಹೇಳುತ್ತಿರಲಿಲ್ಲ, ಆದರೆ ಕೊಟ್ಟಿಗೆಯಿಂದ ಬರುವಾಗ ಅವರು ಸಣ್ಣಗೆ ಗುನುಗುತ್ತಿದ್ದರು. ನನ್ನ ಡಬ್ಬಿಗಳು ಒಂದೊಂದಾಗಿ ತಮ್ಮ ತಮ್ಮ ಊರಿಗೆ ಮರಳಿದವು. ಸಕ್ಕರೆ ಕೂಡ ಪತ್ತೆಯಾಯಿತು. ಕತ್ರೀನಾಳಿಗೆ ಮಜ್ಜಿಗೆ, ನಮಗೆ ಹೀರೆಕಾಯಿ.

ನಾಗರಪಂಚಮಿಯ ಹೊತ್ತಿಗೆ ಗೊರವಂಕ ಮರಳಿ ಬಂತು. ಬಂದದ್ದು ನೆಟ್ಟಗೆ ಕೋಡಿನ ಮೇಲೆ. ನಮ್ಮವರು ಕುಂಚ ಹಿಡಿದು ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಂದೇ ಹುದ್ದೆಗೆ ಇಬ್ಬರು ಬಂದಾಗ ಹೇಗೆ ನೋಡುತ್ತಾರೋ ಹಾಗೆ. ಗೊರವಂಕ ಕಿರ್ರೆಂದಿತು. ನಮ್ಮವರು ಕುಂಚವನ್ನು ಗೂಟಕ್ಕೆ ಸಿಕ್ಕಿಸಿ ಒಳಗೆ ಬಂದು, ಅಡಿಗೆಮನೆಯ ಹೊಸಿಲಲ್ಲಿ ಕೂತು, "ಆ ಬ್ಯಾಳಿ ಡಬ್ಬಿ ಯಾಕ ಅಲ್ಲಿ ಇಟ್ಟೀದಿ?" ಎಂದರು.

ಎರಡನೆಯ ಸಲ ನಿವೃತ್ತರಾದವರ ಮುಖ ಅದು. ಆ ಮುಖವೂ ನೋಡಲಾಗದು, ಆ ಡಬ್ಬಿಯೂ ಸರಿಯಬಾರದು. ಏನು ಮಾಡುವುದೆಂದು ತೋಚದೆ ನಾನು ಒಬ್ಬಳೇ ಹೋಗಿ ಹಾಲಿಗೆ ಕೂತೆ. ಹಕ್ಕಿ ಬಲಗಿವಿಗೆ ಕೊಕ್ಕು ಹಾಕಿತು. ಹಾಲು ಬರಲಿಲ್ಲ. ಕಸ್ತೂರಿ ಎಡಗಿವಿಯನ್ನು ಮನೆಯ ಬಾಗಿಲಿನ ಕಡೆ ತಿರುಗಿಸಿ, ಕತ್ತು ಚಾಚಿ, ಊರಿಗೆಲ್ಲ ಕೇಳುವ ಹಾಗೆ ಒಮ್ಮೆ ಕೂಗಿದಳು.

"ಬಂದೆ, ಬಂದೆ ಬೇ!" ಎಂದು ನಮ್ಮವರು ಚಹಾದ ಲೋಟ ಅಲ್ಲೇ ಇಟ್ಟು ಓಡಿ ಬಂದರು.

ಈಗ ಬಲಗಿವಿ ಗೊರವಂಕದ್ದು, ಎಡಗಿವಿ ನಮ್ಮವರದು. ಕೆಳಗಿನ ಕೆಲಸ ಯಾವತ್ತಿನಂತೆ ನನ್ನದು. ಉಣ್ಣಿ ಹೆಚ್ಚಾದರೆ ಔಷಧವೂ ಉಂಟು. ಗೊರವಂಕಕ್ಕೆ ನೊಣ, ಮಿಡತೆ ಏನಾದರೂ ನಡೆಯುತ್ತದೆ, ಅದು ನಮ್ಮಷ್ಟು ಹಟಮಾರಿಯಲ್ಲ. ಇದರಲ್ಲಿ ಯಾರನ್ನು ಯಾರು ಸಾಕಿದ್ದೇವೆಂದು ನಾನು ಲೆಕ್ಕ ಹಾಕಲು ಹೋಗುವುದಿಲ್ಲ. ಕಸ್ತೂರಿಯ ಮುಖ ನೋಡಿದರೆ ನಾವು ಮೂವರೂ ಅವಳ ಸಾಕುಪ್ರಾಣಿಗಳೆಂಬುದು ಸ್ಪಷ್ಟವಾಗಿದೆ.

ನಾನು ಕರೆದಾಗ ನಮ್ಮವರು ಎಂದೂ ಹೀಗೆ ಚಹಾ ಬಿಟ್ಟು ಓಡಿ ಬಂದವರಲ್ಲ. ಆದರೆ ನನ್ನ ತೊಗರಿಬೇಳೆ ತೊಗರಿಬೇಳೆಯ ಜಾಗದಲ್ಲಿದೆ, ಕಲ್ಲುಹೂವು ಮಸಾಲೆ ಡಬ್ಬಿಯಲ್ಲಿದೆ. ಇದಕ್ಕಿಂತ ಹೆಚ್ಚು ಕೇಳಿದರೆ, ಶಾಲೆಯ ಪುಸ್ತಕದ ಪ್ರಕಾರ, ಅದು ಸಹಜೀವನವಾಗುವುದಿಲ್ಲ.